ಉಪ್ಪುಗಾಳಿಯ ಊರಲ್ಲಿ ಕಿಡಿ ಹುಟ್ಟಿಸುವುದು: ಸೆಲ್ಲು, ಕಾಯಿಲ್, ಆಯಸ್ಕಾಂತದ ಮನೆ ಪ್ರಯೋಗಗಳು

ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲು ಒಂದು. ಕೈಯಲ್ಲೇ ಸುತ್ತಿದ ಕಾಯಿಲ್, ಅಂದರೆ ತಂತಿಯ ಸುರುಳಿ, ಒಂದು. ಇವೆರಡನ್ನು ಜೋಡಿಸಿ ತಂತಿ ಎಳೆದರೆ, ಎಂಬತ್ತು ವೋಲ್ಟಿನ ಹತ್ತಿರ ಹೋಗದೆ ಹೊತ್ತದ ಪುಟ್ಟ ನಿಯಾನ್ ಬಲ್ಬು ಫಳಕ್ಕನೆ ಮಿಂಚುತ್ತದೆ. ತಂತಿ ಮುಟ್ಟಿಸಿದಾಗ ಅಲ್ಲ, ಬಿಡಿಸಿದಾಗ. ಆ ಮಿಂಚು ನೋಡಿದ ದಿನವೇ ನನಗೆ ಈ ಹುಚ್ಚು ಹಿಡಿಯಿತು. ಇನ್ನೂ ಬಿಟ್ಟಿಲ್ಲ.

ನನ್ನ ಮನೆ ಕಾರವಾರದಲ್ಲಿ, ಕಡಲಿಂದ ಐದು ನಿಮಿಷದ ನಡಿಗೆ. ಅಜ್ಜನ ಮನೆ ಶಿರಸಿ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿ. ಈ ಪ್ರಯೋಗಗಳನ್ನೆಲ್ಲ ಈ ಎರಡು ಕಡೆ ಮಾಡಿದ್ದೇನೆ. ಬೇರೆ ಊರಲ್ಲಿ ಸಲೀಸಾಗಿ ಆಗುವ ಕೆಲವು ನಮ್ಮ ಕರಾವಳಿಯಲ್ಲಿ ಕೈಕೊಡುತ್ತವೆ. ಉಪ್ಪು, ತೇವ ಎರಡೂ ಸೇರಿ ತೊಂದರೆ ಕೊಡುತ್ತವೆ. ಅದಕ್ಕೆ ಏನು ಮಾಡಬೇಕು ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.

ಹೆಚ್ಚಿನ ಪ್ರಯೋಗಗಳಿಗೆ ಬೇರು ಒಂದೇ. ಆಯಸ್ಕಾಂತದ ಬಲ ಇದ್ದರೆ ಸಾಲದು, ಅದು ಬದಲಾಗಬೇಕು. ಎಷ್ಟು ಬೇಗ ಬದಲಾದರೆ ಅಷ್ಟು ಜಾಸ್ತಿ ವೋಲ್ಟೇಜ್. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿಸುವುದು ಮೇಲು.

ಮೊದಲು ಲಕ್ಷ್ಮಣರೇಖೆ

ಇಲ್ಲಿನ ಯಾವ ಪ್ರಯೋಗಕ್ಕೂ ಗೋಡೆಯ ಪ್ಲಗ್ ಬೇಡ. ಒಂದು ಅಥವಾ ಎರಡು ಟಾರ್ಚ್ ಸೆಲ್ಲು, ಅಡುಗೆಮನೆಯ ಗ್ಯಾಸ್ ಲೈಟರ್, ಅಷ್ಟೇ. ಕಿಡಿ ಅಂದ ಕೂಡಲೇ ಕೆಲವರಿಗೆ ಹಳೆ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಬಿಚ್ಚುವ ಆಸೆ ಬರುತ್ತದೆ. ವೀಡಿಯೋಗಳಲ್ಲಿ ಅದು ಚೆಂದ ಕಾಣುತ್ತದೆ. ದಯವಿಟ್ಟು ಮುಟ್ಟಬೇಡಿ. ಅದರಿಂದ ಬರುವುದು ಎರಡು ಸಾವಿರ ವೋಲ್ಟ್, ಜೊತೆಗೆ ಜೀವ ತೆಗೆಯುವಷ್ಟು ಕರೆಂಟ್. ಅಲ್ಲಿ ಎರಡನೇ ಅವಕಾಶ ಸಿಗುವುದಿಲ್ಲ. ಹಳೆ ಟಿವಿಯ ಒಳಗೆ, ಬೈಕಿನ ಇಗ್ನಿಷನ್ ಕಾಯಿಲಿಗೆ ಕೈ ಹಾಕುವುದೂ ಬೇಡ.

ಲೀಥಿಯಂ ಸೆಲ್ಲು ಬಳಸಬೇಡಿ. ಶಾರ್ಟ್ ಆದರೆ ಬೆಂಕಿ ಹೊತ್ತುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಆಯಸ್ಕಾಂತದಿಂದಲೂ ಕಿಡಿಯಿಂದಲೂ ದೂರ ಇರಬೇಕು. ಹೊಳೆಯುವ ಬೆಳ್ಳಿ ಬಣ್ಣದ ನಿಯೋಡಿಮಿಯಂ ಆಯಸ್ಕಾಂತ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಎರಡು ತುಂಡು ನುಂಗಿದರೆ ಕರುಳಿನ ಒಳಗೆ ಒಂದಕ್ಕೊಂದು ಅಂಟಿಕೊಂಡು ಕರುಳನ್ನೇ ತೂತು ಮಾಡುತ್ತವೆ.

ಇನ್ನೊಂದು ಮಾತು, ಕಾರವಾರದವರಿಗೆ ಮುಖ್ಯ. ಕಿಡಿ ಅಂದರೆ ಒಂದು ಪುಟ್ಟ ರೇಡಿಯೋ ಸ್ಟೇಷನ್ ಇದ್ದ ಹಾಗೆ. ಒಂದೇ ಅಲೆಯಲ್ಲಿ ನಿಲ್ಲದೆ ಎಲ್ಲ ಅಲೆಗಳಲ್ಲೂ ಗಲಾಟೆ ಮಾಡುತ್ತದೆ. ಇಲ್ಲಿ ಕದಂಬ ನೌಕಾನೆಲೆ ಇದೆ, ಮೀನುಗಾರರ ದೋಣಿಗಳಲ್ಲಿ ವೈರ್‌ಲೆಸ್ ಸೆಟ್ ಇದೆ. ಕಿಡಿ ಹುಟ್ಟಿಸುವ ಜಾಗಕ್ಕೆ ಉದ್ದ ತಂತಿ ಕಟ್ಟಿ ಮಾಡಿನ ಮೇಲೆ ಎಳೆಯಬೇಡಿ. ಲೈಸೆನ್ಸ್ ಇಲ್ಲದೆ ಹಾಗೆ ಪ್ರಸಾರ ಮಾಡುವುದು ಅಪರಾಧ. ಅದಕ್ಕಿಂತ ಜಾಸ್ತಿ, ಕಡಲಲ್ಲಿ ಸಹಾಯ ಕೇಳುತ್ತಿರುವ ಯಾರದೋ ದನಿಗೆ ಅಡ್ಡ ಬರಬಹುದು. ನಮ್ಮ ತಂತಿಗಳೆಲ್ಲ ಗೇಣುದ್ದ ಇರಲಿ, ಕಿಡಿ ಒಂದೆರಡು ಕ್ಷಣಕ್ಕೆ ಮುಗಿಯಲಿ.

ಸಾಮಾನು

ಕಾಯಿಲಿಗೆ ಬೇಕಾದದ್ದು ಇನಾಮಲ್ ಎಂಬ, ಕರೆಂಟ್ ಬಿಡದ ತೆಳು ಲೇಪ ಇರುವ ತಾಮ್ರದ ತಂತಿ. ಅದು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಹೋಗಿ. ಶಿರಸಿ ಕಡೆ ತೋಟದ ಪಂಪ್‌ಸೆಟ್ ಸುಟ್ಟಾಗ ಹೋಗುತ್ತೇವಲ್ಲ, ಅಲ್ಲಿಗೇ. ನಾನು ಮೊದಲ ಸಲ ಹೋದಾಗ ಅಂಗಡಿಯವರು ಕೇಳಿದರು, "ಯಾವ ಮೋಟಾರಿಗೆ ತಮಾ?"

"ಮೋಟಾರಿಗಲ್ಲ ಅಣ್ಣಾ, ಬೋಲ್ಟಿಗೆ ಸುತ್ತಲೆ. ಮೂವತ್ತು ಗೇಜು, ಇಪ್ಪತ್ತು ಮೀಟರ್ ಸಾಕು."

ಬಾಬಿನ್ನಿನಲ್ಲಿ ಉಳಿದಿದ್ದ ತಂತಿಯನ್ನು ಹಾಗೇ ಕೊಟ್ಟುಬಿಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಸಾಮಾನ್ಯವಾಗಿ ತೂಕದ ಮೇಲೆ ಮಾರುತ್ತಾರೆ.

ಉಳಿದದ್ದು: ಮೂರು ಇಂಚಿನ, 8 ಮಿ.ಮೀ. ದಪ್ಪದ ಕಬ್ಬಿಣದ ಬೋಲ್ಟು, ಸ್ಟೇನ್‌ಲೆಸ್ ಸ್ಟೀಲ್‌ನದು ಬೇಡ. ಎರಡು ದೊಡ್ಡ ಟಾರ್ಚ್ ಸೆಲ್ಲು. ಒಂದು ನಿಯಾನ್ ಇಂಡಿಕೇಟರ್ ಬಲ್ಬು. ಒಂದು ದಿಕ್ಸೂಚಿ. ಎಎಂ ಬ್ಯಾಂಡ್ ಇರುವ ಹಳೆ ರೇಡಿಯೋ. ಕಬ್ಬಿಣ ಉಜ್ಜುವ ಅರ. ಎರಡು ಕೆಂಪು ಎಲ್‌ಇಡಿ, 220 ಓಮಿನ ಒಂದು ರೆಸಿಸ್ಟರ್, ಸಾದಾ ಮಲ್ಟಿಮೀಟರ್. ನಿಯಾನ್ ಬಲ್ಬಿಗಾಗಿ ಮನೆಯ ಟೆಸ್ಟರ್ ಬಿಚ್ಚುವುದಾದರೆ ಆ ಟೆಸ್ಟರನ್ನು ಮತ್ತೆ ಯಾರೂ ಕರೆಂಟ್ ನೋಡಲು ಬಳಸಬಾರದು, ಎಸೆದುಬಿಡಿ. ಅದರ ಒಳಗಿನ ರೆಸಿಸ್ಟರ್ ತಪ್ಪಿಹೋದರೆ ಹಿಡಿದವರಿಗೆ ಶಾಕ್ ಗ್ಯಾರಂಟಿ.

ಕಾಯಿಲ್ ಸುತ್ತುವುದು

ಬೋಲ್ಟಿನ ಮೇಲೆ ಒಂದು ಸುತ್ತು ಟೇಪ್ ಹಾಕಿ. ಹಾಕದಿದ್ದರೆ ಬೋಲ್ಟಿನ ತಿರುಪಿನ ಅಂಚು ತಂತಿಯ ಇನಾಮಲ್ ಕೆರೆದು ಶಾರ್ಟ್ ಮಾಡುತ್ತದೆ. ಒಂದು ಗೇಣು ತಂತಿ ಹೊರಗೆ ಬಿಟ್ಟು, ಎರಡು ಇಂಚು ಅಗಲಕ್ಕೆ ಒತ್ತೊತ್ತಾಗಿ ಸುತ್ತುತ್ತಾ ಹೋಗಿ. ಒಟ್ಟು 500 ಸುತ್ತು. ಪ್ರತಿ 50ಕ್ಕೆ ಹಾಳೆಯ ಮೇಲೆ ಒಂದು ಗೀಟು ಎಳೆಯಿರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಒಂದು ಪದರ ಮುಗಿದರೆ ಮೇಲೆ ತೆಳು ಟೇಪ್ ಸುತ್ತಿ ಅದೇ ದಿಕ್ಕಿನಲ್ಲಿ ತಿರುಗಿಸುತ್ತಾ ವಾಪಸ್ ಬನ್ನಿ. ದಿಕ್ಕು ಬದಲಾದರೆ ಸುತ್ತಿದ್ದೆಲ್ಲ ಒಂದನ್ನೊಂದು ಕಳೆದುಕೊಳ್ಳುತ್ತದೆ.

ಸುಮಾರು 15-16 ಮೀಟರ್ ತಂತಿ ಹಿಡಿಯುತ್ತದೆ. ಈಗ ಎರಡೂ ತುದಿಯನ್ನು ಸ್ಯಾಂಡ್‌ಪೇಪರ್‌ನಿಂದ ಚೆನ್ನಾಗಿ ಉಜ್ಜಿ. ಹತ್ತರಲ್ಲಿ ಎಂಟು ಜನ ಸೋಲುವುದು ಇಲ್ಲೇ. ಇನಾಮಲ್ ಕಣ್ಣಿಗೆ ಕಾಣುವುದಿಲ್ಲ, ತಾಮ್ರದ ಬಣ್ಣದ ಹಾಗೇ ಇರುತ್ತದೆ. ಉಜ್ಜಿದ ಜಾಗ ತಿಳಿ ಗುಲಾಬಿಯಾಗಿ ಹೊಳೆಯಬೇಕು, ಸುತ್ತಲೂ ಹೊಳೆಯಬೇಕು. ಮೀಟರಿನಲ್ಲಿ ನೋಡಿದರೆ 3ರಿಂದ 4 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಇನ್ನಷ್ಟು ಉಜ್ಜಿ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಬಿಚ್ಚಿ ಮತ್ತೆ ಸುತ್ತಬೇಕು. ಬೇಸರ ಮಾಡಿಕೊಳ್ಳಬೇಡಿ, ಎರಡನೇ ಸಲ ಕೈ ತಾನಾಗೇ ಪಳಗಿರುತ್ತದೆ.

ಕಾಯಿಲನ್ನು ಎರಡು ಸೆಲ್ಲಿಗೆ ಜೋಡಿಸಿದರೆ ಮುಕ್ಕಾಲು ಆಂಪಿಯರ್‌ನಷ್ಟು ಕರೆಂಟ್ ಹರಿಯುತ್ತದೆ, ಬೋಲ್ಟು ಮೊಳೆಗಳನ್ನು ಎತ್ತುತ್ತದೆ. ಮೂರು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಕಾಯಿಲ್ ಬಿಸಿಯಾಗುತ್ತದೆ, ಸೆಲ್ಲು ಸುಮ್ನೆ ಖಾಲಿಯಾಗುತ್ತದೆ.

ಮುಳ್ಳು ತಿರುಗಿಸುವುದು

1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಕಂಡದ್ದನ್ನು ಈಗ ನೀವು ಕಾಣಬಹುದು. ದಿಕ್ಸೂಚಿಯನ್ನು ಮರದ ಮೇಜಿನ ಮೇಲೆ ಇಡಿ. ಕಬ್ಬಿಣದ ಕಪಾಟು, ಗ್ರೈಂಡರ್, ಮೊಬೈಲು ದೂರ ಇರಲಿ. ಮುಳ್ಳು ಉತ್ತರಕ್ಕೆ ನಿಂತ ಮೇಲೆ, ಅದರ ನೇರಕ್ಕೇ, ಒಂದು ಸೆಂಟಿಮೀಟರ್ ಮೇಲೆ ಒಂದು ಉದ್ದ ತಂತಿ ಹಾಯಿಸಿ. ಈ ತಂತಿಯನ್ನು ಕಾಯಿಲಿನ ಜೊತೆ ಸಾಲಾಗಿ ಜೋಡಿಸಿ ಸೆಲ್ಲಿಗೆ ಮುಟ್ಟಿಸಬೇಕು. ಬರೀ ತಂತಿಯನ್ನು ಸೆಲ್ಲಿನ ಎರಡು ತುದಿಗೆ ಹಚ್ಚಿದರೆ ಅದು ಶಾರ್ಟ್. ಇಲ್ಲಿ ಕಾಯಿಲ್ ಇರುವುದು ಕರೆಂಟಿಗೆ ಕಡಿವಾಣ ಹಾಕಲು. ಅದನ್ನು ದಿಕ್ಸೂಚಿಯಿಂದ ಎರಡು ಮೂರು ಮೊಳ ದೂರ ಇಡಿ.

ಮುಳ್ಳು ಸುಮಾರು 20 ಡಿಗ್ರಿ ಪಕ್ಕಕ್ಕೆ ತಿರುಗುತ್ತದೆ. ಯಾಕೆ ಅಷ್ಟೇ? ನಮ್ಮ ಕಡೆ ಭೂಮಿಯ ಆಯಸ್ಕಾಂತ ಬಲ ಸುಮಾರು 40 ಮೈಕ್ರೋಟೆಸ್ಲಾ (ಆಯಸ್ಕಾಂತ ಬಲದ ಅಳತೆ). ಮುಕ್ಕಾಲು ಆಂಪಿಯರ್ ಹರಿಯುವ ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ 15 ಮೈಕ್ರೋಟೆಸ್ಲಾ ಬರುತ್ತದೆ. ಎರಡರ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ದೂರವನ್ನು ಎರಡು ಸೆಂಟಿಮೀಟರ್ ಮಾಡಿದರೆ ತಂತಿಯ ಬಲ ಅರ್ಧ. ಭೂಮಿಯೇ ನಿಮಗೆ ಅಳತೆಗೋಲು ಕೊಟ್ಟ ಹಾಗಾಯಿತು ಅಲ್ವಾ? ಈ ಲೆಕ್ಕಕ್ಕೆ ನಮ್ಮ ಜಾಗವೂ ಒಳ್ಳೆಯದೇ. ಭೂಮಿಯ ಆಯಸ್ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಅದಕ್ಕೇ ಇಲ್ಲಿ ಬಲ ಹೆಚ್ಚು ಕಮ್ಮಿ ಅಡ್ಡಕ್ಕೇ ಇದೆ, ಮುಳ್ಳು ನೆಲಕ್ಕೆ ಬಗ್ಗುವುದು ಕಡಿಮೆ.

ಕಬ್ಬಿಣ, ಕರೆಂಟು ದೂರ ಇರಲಿ ಅಂದೆನಲ್ಲ, ಅದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಮಿಯ ಆಯಸ್ಕಾಂತ ಬಲ ಅಳೆಯುತ್ತಿದ್ದರು. ಊರಿಗೆ ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ ಅಂದಾಗ ಆ ಕರೆಂಟಿನಿಂದ ಅಳತೆ ಕೆಡುತ್ತದೆ ಎಂದು 1904ರಲ್ಲಿ ಅಲಿಬಾಗ್‌ಗೆ ಹೋದರು. ಅಲಿಬಾಗ್‌ನಲ್ಲಿ ಇಂದಿಗೂ ಅಳೆಯುತ್ತಿದ್ದಾರೆ. ಟ್ರಾಮಿಗೇ ಹೆದರಬೇಕಾದ ಕೆಲಸ ಇದು. ನಿಮ್ಮ ಮೇಜಿನ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇದ್ದರೂ ಲೆಕ್ಕ ತಪ್ಪುತ್ತದೆ.

ಆಯಸ್ಕಾಂತದ ಗೆರೆಗಳನ್ನು ಹಾಳೆಯ ಮೇಲೆ ಕಾಣಬೇಕಾದರೆ ಎಲ್ಲರೂ ಕಬ್ಬಿಣದ ಪುಡಿ ಹೇಳುತ್ತಾರೆ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯದಿದೆ. ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೀಚಿನಲ್ಲಿ ಅಲೆ ಬಿಟ್ಟುಹೋದ ಕಪ್ಪು ಗೆರೆಯ ಮೇಲೆ ಆಡಿಸಿ. ಕೆಲವು ಕಾಳು ಬಂದು ಅಂಟಿಕೊಳ್ಳುತ್ತವೆ. ಕವರನ್ನು ಒಳಹೊರಗು ಮಾಡಿದರೆ ಡಬ್ಬಿಗೆ ಉದುರುತ್ತವೆ. ಮಾಜಾಳಿ ಕಡೆಯ ತಿಳಮಾತಿಯಲ್ಲಿ ಎಳ್ಳಿನ ಹಾಗೆ ಕಪ್ಪು ಮರಳೇ ಇದೆ. ಆದರೆ ಕಪ್ಪಾಗಿದ್ದದ್ದೆಲ್ಲ ಅಂಟುವುದಿಲ್ಲ. ಅಂಟುವುದರಲ್ಲಿ ಮುಖ್ಯವಾದದ್ದು ಮ್ಯಾಗ್ನೆಟೈಟ್. ಅದು ಮೊದಲೇ ಕಬ್ಬಿಣದ ಆಕ್ಸೈಡ್, ಹಾಗಾಗಿ ಮತ್ತೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಒಂದು ಚಮಚ ಸಾಕು, ಸಿಹಿನೀರಲ್ಲಿ ತೊಳೆದು ಒಣಗಿಸಿಟ್ಟರೆ ವರ್ಷಗಟ್ಟಲೆ ಬರುತ್ತದೆ.

ಬಲ ಬದಲಾದರೆ ಕರೆಂಟು

ಈ ಪ್ರಯೋಗಕ್ಕೆ ಇನ್ನೊಂದು ಕಾಯಿಲ್ ಬೇಕು, ನಡುವೆ ಟೊಳ್ಳು ಇರುವಂಥದ್ದು. ಮೊದಲಿನ ಇಪ್ಪತ್ತು ಮೀಟರ್ ತಂತಿ ಇದಕ್ಕೆ ಸಾಲದು, ಬೇರೆ ತನ್ನಿ. ಆಯಸ್ಕಾಂತ ಸಲೀಸಾಗಿ ಜಾರುವಷ್ಟು ಅಗಲದ ಪ್ಲಾಸ್ಟಿಕ್ ಕೊಳವೆಯ ಮೇಲೆ 1000 ಸುತ್ತು ಹಾಕಿ. ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಕಾಯಿಲಿನ ತುದಿಗಳಿಗೆ ಜೋಡಿಸಿ. ಕತ್ತಲು ಮಾಡಿ, ಬಲವಾದ ಆಯಸ್ಕಾಂತವನ್ನು ಮೇಲಿಂದ ಬಿಡಿ. ಒಳಗೆ ಹೋಗುವಾಗ ಒಂದು ಮಿನುಗುತ್ತದೆ, ಹೊರಗೆ ಬರುವಾಗ ಇನ್ನೊಂದು. ಮಿನುಗದಿದ್ದರೆ ಇನ್ನಷ್ಟು ಎತ್ತರದಿಂದ ಬಿಡಿ, ವೇಗ ಹೆಚ್ಚಲಿ. ಆಯಸ್ಕಾಂತವನ್ನು ಒಳಗೇ ಇಟ್ಟು ಒಂದು ದಿನ ಕಾದರೂ ಏನೂ ಆಗುವುದಿಲ್ಲ. 1831ರ ಆಗಸ್ಟ್ 29ರಂದು ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆಗೆ, ಎರಡು ಕಾಯಿಲ್ ಸುತ್ತಿದ ತನ್ನ ಕಬ್ಬಿಣದ ಬಳೆಯ ಮೇಲೆ ಕಂಡದ್ದೂ ಇದೇ. ಒಂದು ಕಾಯಿಲಿಗೆ ಸೆಲ್ಲು ಜೋಡಿಸುವಾಗ ಇನ್ನೊಂದರ ಕಡೆಯ ಮುಳ್ಳು ಕುಣಿಯಿತು, ಬಿಡಿಸುವಾಗ ಕುಣಿಯಿತು, ನಡುವೆ ಸುಮ್ಮನಿತ್ತು.

ಕಾಳಿ ನದಿಯ ನಾಗಝರಿ ವಿದ್ಯುದಾಗಾರದಲ್ಲಿ ನೀರು ತಿರುಗಿಸುವುದೂ, ಕೈಗಾ ಅಣುಸ್ಥಾವರದಲ್ಲಿ ಹಬೆ ತಿರುಗಿಸುವುದೂ ಕಾಯಿಲುಗಳ ನಡುವಿನ ಆಯಸ್ಕಾಂತವನ್ನೇ.

ಮಿಂಚುವ ನಿಯಾನ್

ಈಗ ನನಗೆ ತುಂಬ ಇಷ್ಟವಾದ ಪ್ರಯೋಗ. ಬೋಲ್ಟಿನ ಕಾಯಿಲಿನ ಎರಡು ತುದಿಗೆ ನಿಯಾನ್ ಬಲ್ಬನ್ನು ಜೋಡಿಸಿ, ಟೇಪ್ ಸುತ್ತಿ. ಅದೇ ಎರಡು ತುದಿಯನ್ನು ಒಂದು ಸೆಲ್ಲಿಗೆ ಕೊಡಬೇಕು. ಒಂದು ತುದಿಯನ್ನು ಸೆಲ್ಲಿನ ತಳಕ್ಕೆ ಭದ್ರವಾಗಿ ಅಂಟಿಸಿ. ಇನ್ನೊಂದನ್ನು ಪ್ಲಾಸ್ಟಿಕ್ ಹಿಡಿಕೆಯ ಇಕ್ಕಳದಲ್ಲಿ ಹಿಡಿದು ಮೇಲಿನ ತುದಿಗೆ ಮುಟ್ಟಿಸಿ, ಒಂದು ಸೆಕೆಂಡ್ ಬಿಟ್ಟು, ಸರಕ್ಕನೆ ಎಳೆಯಿರಿ.

ಎಳೆದ ಜಾಗದಲ್ಲಿ ಸೂಜಿಮೊನೆಯಷ್ಟು ನೀಲಿ ಕಿಡಿ. ಅದೇ ಹೊತ್ತಿಗೆ ಬಲ್ಬಿನಲ್ಲಿ ಕಿತ್ತಳೆ ಮಿಂಚು.

ಏನಾಯಿತು? ಕರೆಂಟ್ ಹರಿಯುವಾಗ ಬೋಲ್ಟಿನ ಸುತ್ತ ಆಯಸ್ಕಾಂತ ಬಲ ಕಟ್ಟಿಕೊಂಡಿತ್ತು. ಅದರಲ್ಲಿ ಶಕ್ತಿ ಕೂತಿತ್ತು. ತಂತಿ ಬಿಟ್ಟ ಕೂಡಲೇ ಆ ಬಲ ಕುಸಿಯಿತು, ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಬೇಗ. ಅಷ್ಟು ಬೇಗ ಬದಲಾದ ಬಲ ತನ್ನದೇ ಕಾಯಿಲಿನಲ್ಲಿ ನೂರಾರು ವೋಲ್ಟ್ ಎಬ್ಬಿಸಿತು. ಗೂಳಿ ಓಡುವಾಗ ಹಗ್ಗ ಎಳೆದು ನಿಲ್ಲಿಸಿದರೆ ಹಗ್ಗಕ್ಕೆ ಬೀಳುವ ಜಗ್ಗು ನೆನಪಿಸಿಕೊಳ್ಳಿ. ಹರಿಯುವ ಕರೆಂಟೂ ತಟ್ಟನೆ ನಿಲ್ಲಲು ಒಪ್ಪುವುದಿಲ್ಲ.

ಬಲ್ಬಿನ ಒಳಗೆ ಎರಡು ಕಡ್ಡಿಗಳಿವೆ. ಚೆನ್ನಾಗಿ ನೋಡಿದರೆ ಒಂದು ಕಡ್ಡಿಯ ಸುತ್ತ ಮಾತ್ರ ಬೆಳಕು ಜಾಸ್ತಿ ಇರುತ್ತದೆ. ಸೆಲ್ಲನ್ನು ತಿರುಗಿಸಿ ಜೋಡಿಸಿದರೆ ಇನ್ನೊಂದು ಕಡ್ಡಿ ಹೊಳೆಯುತ್ತದೆ. ಆಮೇಲೆ ಬೋಲ್ಟನ್ನು ಹೊರಗೆ ತೆಗೆದು ಬರೀ ಕಾಯಿಲಿನಲ್ಲಿ ಮಾಡಿ ನೋಡಿ. ಮಿಂಚು ಮಂಕಾಗುತ್ತದೆ, ಕೆಲವು ಸಲ ಬರುವುದೇ ಇಲ್ಲ. ಕಬ್ಬಿಣದ ಬೆಲೆ ಆಗ ಗೊತ್ತಾಗುತ್ತದೆ.

ಇಕ್ಕಳ ಯಾಕೆ ಅಂದರೆ, ಆ ವೋಲ್ಟೇಜ್ ನಿಮ್ಮ ಬೆರಳಿಗೂ ಬರುತ್ತದೆ. ಒಮ್ಮೆ ಹಳೆ ರೇಡಿಯೋದ ಟ್ರಾನ್ಸ್‌ಫಾರ್ಮರನ್ನೇ ಕಾಯಿಲ್ ಮಾಡಿಕೊಂಡು, ಎರಡು ತುದಿಯನ್ನೂ ಬರಿಗೈಯಲ್ಲಿ ಹಿಡಿದು ಎಳೆದಿದ್ದೆ. ಒಂದೂವರೆ ವೋಲ್ಟ್ ತಾನೇ ಎಂಬ ಧೈರ್ಯ. ಮೊಣಕೈವರೆಗೆ ಜುಮ್ ಎಂದು ಹೊಡೆಯಿತು, ಕೈ ಹಿಂದಕ್ಕೆ ಸಿಡಿದು ಮೇಜಿಗೆ ಬಡಿಯಿತು. ಸಣ್ಣ ಬೋಲ್ಟಿನ ಕಾಯಿಲಿನಲ್ಲಿ ಶಕ್ತಿ ಕಡಿಮೆ, ಚುಚ್ಚಿದ ಹಾಗೆ ಆಗಬಹುದು ಅಷ್ಟೇ. ಆದರೂ ಇಕ್ಕಳದ ಅಭ್ಯಾಸ ಬಿಡಬೇಡಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಡವೇ ಬೇಡ.

ಹಲವು ಬೈಕುಗಳ ಪ್ಲಗ್ಗಿನಲ್ಲಿ ಕಿಡಿ ಹಾರುವುದೂ ಇದೇ ದಾರಿಯಲ್ಲಿ. ಹಳೆ ಸ್ಕೂಟರಿನಲ್ಲಿ ಮೆಕ್ಯಾನಿಕ್ ಉಜ್ಜಿ ಕೊಡುತ್ತಿದ್ದ 'ಪಾಯಿಂಟ್' ಮಾಡುತ್ತಿದ್ದದ್ದು ನೀವು ಈಗ ಕೈಯಲ್ಲಿ ಎಳೆದ ಕೆಲಸವನ್ನೇ.

ಅರ, ಕಾಯಿಲ್, ರೇಡಿಯೋ

ರೇಡಿಯೋ ಹಾಕಿ, ಎಎಂ ಬ್ಯಾಂಡಿನಲ್ಲಿ ಸ್ಟೇಷನ್ ಇಲ್ಲದ ಜಾಗ ಹುಡುಕಿ. ನಮ್ಮಲ್ಲಿ ಧಾರವಾಡ ಆಕಾಶವಾಣಿಯ ಜಾಗ 765 ಕಿಲೋಹರ್ಟ್ಸ್, ಅದರಿಂದ ಸ್ವಲ್ಪ ಆಚೆ ಈಚೆ ತಿರುಗಿಸಿ. ಸೆಲ್ಲಿನ ಒಂದು ತುದಿಯಿಂದ ಕಾಯಿಲ್, ಕಾಯಿಲಿನಿಂದ ಅರದ ಹಿಡಿಕೆಯ ಕಡೆಯ ಕಬ್ಬಿಣ. ಸೆಲ್ಲಿನ ಇನ್ನೊಂದು ತುದಿಯ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಅರದ ಹಲ್ಲುಗಳ ಮೇಲೆ ಸರ್ರನೆ ಎಳೆಯಿರಿ. ಪ್ರತಿ ಹಲ್ಲಿಗೂ ಒಮ್ಮೆ ಮುಟ್ಟಿ ಬಿಡುತ್ತದೆ, ಪ್ರತಿ ಬಿಡುವಿಗೂ ಒಂದು ಕಿಡಿ. ರೇಡಿಯೋ ಕರಕರ ಅನ್ನುತ್ತದೆ. ನಡುವೆ ತಂತಿಯೇ ಇಲ್ಲ!

ಒಂದು ಸಲ ಕಾಯಿಲ್ ತೆಗೆದು ಅದರ ಬದಲು ಟಾರ್ಚ್ ಬಲ್ಬು ಹಾಕಿ ಎಳೆದು ನೋಡಿ. ಕಿಡಿ ಸಣ್ಣದು, ಸದ್ದೂ ಸಣ್ಣದು. ಎಫ್‌ಎಂಗೆ ಬದಲಿಸಿದರೆ ಸದ್ದು ಹೆಚ್ಚು ಕಮ್ಮಿ ಮಾಯ. ಎಫ್‌ಎಂ ರೇಡಿಯೋ ಅಲೆಯ ಎತ್ತರದ ಏರಿಳಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕಿಡಿಯ ಗಲಾಟೆ ಬಹುಪಾಲು ಅಲ್ಲೇ ಇರುವುದು.

ಇನ್ನೊಂದು ಸೂಕ್ಷ್ಮ ಇದೆ, ಮುಂದೆ ಕೆಲಸಕ್ಕೆ ಬರುತ್ತದೆ. ಎಎಂ ರೇಡಿಯೋದ ಒಳಗೆ ಕಪ್ಪು ಫೆರೈಟ್ ಕಡ್ಡಿಯ ಮೇಲೆ ಒಂದು ಕಾಯಿಲ್ ಸುತ್ತಿರುತ್ತಾರೆ. ಅದೇ ಅದರ ಆಂಟೆನಾ. ಅಂದರೆ ರೇಡಿಯೋ ಹಿಡಿಯುವುದೂ ಬದಲಾಗುವ ಆಯಸ್ಕಾಂತ ಬಲವನ್ನೇ. ಗೆಳೆಯರೊಬ್ಬರು ಅರ ಉಜ್ಜುತ್ತಿರಲಿ, ನೀವು ರೇಡಿಯೋವನ್ನು ಮೆಲ್ಲಗೆ ತಿರುಗಿಸಿ. ಒಂದು ದಿಕ್ಕಿನಲ್ಲಿ ಸದ್ದು ಜೋರು, ಕಾಲು ಸುತ್ತು ತಿರುಗಿಸಿದರೆ ಸಣ್ಣದು. ಕಿಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಏಪ್ರಿಲ್-ಮೇ ತಿಂಗಳ ಸಂಜೆ ಈ ರೇಡಿಯೋದಲ್ಲಿ ನೀವು ಮಾಡದ ಕಿಡಿಗಳೂ ಕೇಳುತ್ತವೆ. ಘಟ್ಟದ ಮೇಲೆ ಗುಡುಗು ಮಳೆ ಎದ್ದಿರುತ್ತದೆ, ಮಿಂಚು ನಮ್ಮ ಕಣ್ಣಿಗೆ ಕಾಣುವಷ್ಟು ಹತ್ತಿರ ಬರುವ ಮೊದಲೇ ರೇಡಿಯೋ ಚಟಚಟ ಅನ್ನುತ್ತದೆ. ಆ ಸದ್ದು ಒತ್ತೊತ್ತಾಗಿ ಬರತೊಡಗಿದರೆ ಪ್ರಯೋಗ ನಿಲ್ಲಿಸಿ, ತಂತಿ ಮಡಚಿ ಒಳಗೆ ಹೋಗಿ.

ಲೈಟರ್ ಒತ್ತಿದರೆ ಹೊತ್ತುವ ದೀಪ

ಗ್ಯಾಸ್ ಲೈಟರಿನ ಒಳಗೆ ಒಂದು ಹರಳು, ಅದಕ್ಕೆ ಬಡಿಯುವ ಒಂದು ಪುಟ್ಟ ಸುತ್ತಿಗೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದರು. ನಯವಾದ ಗುಂಡು ತುದಿಗಳ ನಡುವೆ ಒಂದು ಮಿ.ಮೀ. ಗಾಳಿ ಹಾರಲು ಸುಮಾರು 3000 ವೋಲ್ಟ್ ಬೇಕು. ಚೂಪು ತುದಿಗೆ ಅಷ್ಟು ಬೇಡ. ಲೈಟರಿನಲ್ಲಿ ಹಾರುವ ಕಿಡಿಯ ಉದ್ದ ನೋಡಿದರೆ ಅಲ್ಲಿ ಹಲವು ಸಾವಿರ ವೋಲ್ಟ್ ಇದೆ ಅಂತ ಆಯಿತು. ಶಕ್ತಿ ಮಾತ್ರ ತೀರ ಕಡಿಮೆ, ಅದಕ್ಕೇ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದೇವೆ. ಪ್ರಯೋಗಕ್ಕೆ ಮಾತ್ರ ಅಡುಗೆಮನೆಯಿಂದ ಹೊರಗೆ ಬನ್ನಿ. ಗ್ಯಾಸು, ಪೆಟ್ರೋಲು, ಸ್ಪಿರಿಟ್ ಹತ್ತಿರ ಇರಬಾರದು.

ಈ ಕಿಡಿಯನ್ನು ದೂರದಿಂದ ಹಿಡಿಯುವ ಸಾಧನಕ್ಕೆ ಕೊಹೆರರ್ ಎಂದು ಹೆಸರು. ರೇಡಿಯೋ ಹುಟ್ಟಿದ ಕಾಲದ ವಸ್ತು. ಫ್ರಾನ್ಸಿನ ಬ್ರಾನ್ಲಿ 1890ರಲ್ಲಿ ಲೋಹದ ಪುಡಿಯ ಈ ಗುಣವನ್ನು ತೋರಿಸಿದ. ಅದೇ ದಶಕದಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕೋಲ್ಕತ್ತದಲ್ಲಿ ಕಿಡಿಯಿಂದ ಹುಟ್ಟಿದ ಅಲೆಯನ್ನು ಗೋಡೆಯಾಚೆ ಕಳಿಸಿ ಗಂಟೆ ಬಾರಿಸಿದರು.

ಹಳೆ ಪೆನ್ನಿನ ಪಾರದರ್ಶಕ ಕೊಳವೆಯಿಂದ ಎರಡು ಇಂಚು ಕತ್ತರಿಸಿ. ಎರಡೂ ಕಡೆ ಬಿಗಿಯಾಗಿ ಕೂರುವ ಸ್ಕ್ರೂ ಹುಡುಕಿ. ಒಂದನ್ನು ಒಳಗೆ ತಿರುಗಿಸಿ, ಅರದಿಂದ ಹೊಸದಾಗಿ ಉಜ್ಜಿದ ಕಬ್ಬಿಣದ ಒರಟು ಪುಡಿ ಒಂದು ಚಿಟಿಕೆ ಹಾಕಿ, ಇನ್ನೊಂದು ಸ್ಕ್ರೂ ತಿರುಗಿಸಿ. ತುದಿಗಳ ನಡುವೆ ಎರಡು ಮಿ.ಮೀ. ಜಾಗ ಇರಲಿ, ಪುಡಿ ಅದರಲ್ಲಿ ಸಡಿಲವಾಗಿರಲಿ. ಎರಡು ಸೆಲ್ಲು, 220 ಓಮಿನ ರೆಸಿಸ್ಟರ್, ಎಲ್‌ಇಡಿ, ಈ ಕೊಳವೆ, ಎಲ್ಲವನ್ನೂ ಸಾಲಾಗಿ ಜೋಡಿಸಿ. ಸ್ಕ್ರೂ ಹೆಚ್ಚು ಒತ್ತಿದರೆ ದೀಪ ಹಾಗೇ ಹೊತ್ತುತ್ತದೆ. ಆರುವವರೆಗೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಕೊಳವೆಗೆ ಪೆನ್ಸಿಲಿನಿಂದ ತಟ್ಟಿ. ಎರಡು ಸ್ಕ್ರೂಗಳಿಗೂ ಗೇಣುದ್ದದ ಒಂದೊಂದು ತಂತಿ ಕಟ್ಟಿ ಆಚೀಚೆ ಚಾಚಿ.

ಒಂದು ಗೇಣು ದೂರದಲ್ಲಿ ಲೈಟರ್ ಒತ್ತಿ. ದೀಪ ಹೊತ್ತಿತು, ಹೊತ್ತಿಯೇ ಇರುತ್ತದೆ! ಪೆನ್ಸಿಲಿನಿಂದ ತಟ್ಟಿದರೆ ಆರುತ್ತದೆ. ಪುಡಿಯ ಪ್ರತಿ ಕಾಳಿಗೂ ಗಾಳಿ ತಾಗಿ ಆಕ್ಸೈಡಿನ ತೆಳು ಸಿಪ್ಪೆ ಇರುತ್ತದೆ, ಅದು ಕರೆಂಟ್ ಬಿಡುವುದಿಲ್ಲ. ಕಿಡಿಯ ಅಲೆ ಬಂದಾಗ ಸಿಪ್ಪೆ ಅಲ್ಲಲ್ಲಿ ಒಡೆದು ಕಾಳುಗಳು ಅಂಟಿಕೊಂಡು ದಾರಿ ಆಗುತ್ತದೆ. ತಟ್ಟಿದರೆ ದಾರಿ ಮುರಿಯುತ್ತದೆ.

ಇಲ್ಲೇ ನಮ್ಮ ಉಪ್ಪುಗಾಳಿ ಬರುವುದು. ಒಂದು ಆಗಸ್ಟಿನಲ್ಲಿ ರಾತ್ರಿ ಇದನ್ನು ಮಾಡಿಟ್ಟು, ಮರುದಿನ ಸಂಜೆ ನೆರೆಯ ಮಕ್ಕಳನ್ನು ಕೂರಿಸಿಕೊಂಡು ತೋರಿಸಲು ಹೊರಟೆ. ನೂರು ಸಲ ಒತ್ತಿದರೂ ದೀಪ ಹೊತ್ತಲಿಲ್ಲ. ತಂತಿ ಬದಲಿಸಿದೆ, ಸೆಲ್ಲು ಬದಲಿಸಿದೆ. ಮಕ್ಕಳು ಎದ್ದು ಹೋದರು. ಕೊನೆಗೆ ಕೊಳವೆಯನ್ನು ಬೆಳಕಿಗೆ ಹಿಡಿದರೆ ಪುಡಿ ಕುಂಕುಮದ ಹಾಗೆ ಕೆಂಪಾಗಿತ್ತು. ತೆಳು ಸಿಪ್ಪೆ ಬೇಕು, ದಪ್ಪ ತುಕ್ಕು ಬಂದರೆ ಮುಗಿಯಿತು. ಕಾರವಾರದ ಮಳೆಗಾಲದಲ್ಲಿ ಅದಕ್ಕೆ ಒಂದೇ ರಾತ್ರಿ ಸಾಕು.

ಆಮೇಲೆ ಎರಡು ದಾರಿ ಕಂಡುಕೊಂಡೆ. ಒಂದು, ಪುಡಿಯನ್ನು ಪ್ರಯೋಗದ ದಿನವೇ ಉಜ್ಜಿ, ಸ್ಕ್ರೂ ಕೂತ ಜಾಗಕ್ಕೆ ಮೇಣ ಹನಿಸುವುದು. ಇನ್ನೊಂದು, ಕಬ್ಬಿಣವನ್ನೇ ಬಿಟ್ಟು, ಚಪಾತಿ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಕಡಲೆಕಾಳಿನಷ್ಟು ಉಂಡೆ ಮಾಡಿ, ಎರಡು ಸ್ಕ್ರೂ ಚುಚ್ಚಿದ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಡಿಲವಾಗಿ ತುಂಬುವುದು. ಅಲ್ಯೂಮಿನಿಯಂ ಮೇಲಿನ ಸಿಪ್ಪೆ ತೆಳುವಾಗಿಯೇ ಉಳಿಯುತ್ತದೆ. ಈಗ ನನ್ನ ಹತ್ತಿರ ಇರುವುದು ಇದೇ.

ಉಳಿದ ಸಾಮಾನನ್ನೂ ಕಾಪಾಡಬೇಕು. ಬೋಲ್ಟಿಗೆ ತೆಂಗಿನೆಣ್ಣೆ ಸವರಿ, ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವದ ಗಾಳಿಯಲ್ಲಿ ಕಿಡಿ ಸುಲಭವಾಗಿ ಹಾರುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜದಲ್ಲಿ ಗಾಳಿಯಲ್ಲಿರುವ ನೀರಿನ ಆವಿ ಕಿಡಿಗೆ ಸಹಾಯ ಮಾಡುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಕೂತ ಉಪ್ಪು ಮತ್ತು ನೀರಿನ ಪದರದ ಮೇಲೆ ವೋಲ್ಟೇಜ್ ಸೋರಿ ಹೋಗುತ್ತದೆ, ಕಿಡಿ ಇನ್ನೂ ಸಪ್ಪೆ. ಒಣಬಟ್ಟೆಯಲ್ಲಿ ಒರೆಸಿದರೆ ಅರ್ಧ ತೊಂದರೆ ಹೋಯಿತು. ಡಿಸೆಂಬರ್-ಜನವರಿಯಲ್ಲಿ ಶಿರಸಿಯ ಒಣ ಚಳಿಯಲ್ಲಿ ಮಾಡಿದರೆ ಎಲ್ಲವೂ ಚುರುಕು.

ಬೇಲಿಯ ಸೋರಿಕೆ ಹುಡುಕುವುದು

ಇಷ್ಟು ಕಲಿತದ್ದು ತೋಟದಲ್ಲಿ ಕೆಲಸಕ್ಕೆ ಬಂತು. ಒಂದು ಮಳೆಗಾಲ ಮಾವ ಫೋನ್ ಮಾಡಿದ. "ಬೇಲಿ ಹೊಡೀತೇ ಇಲ್ಲೆ ಮಾಣಿ. ಹಂದಿ ಗದ್ದೆ ಎಲ್ಲಾ ಹಾಳು ಮಾಡಿ ಹೋಯ್ದು."

ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಹಲವು ಸಾವಿರ ವೋಲ್ಟಿನ ಒಂದು ಹೊಡೆತ ಕಳಿಸುತ್ತದೆ. ಹೊಡೆತ ಇರುವುದು ತೀರ ಚಿಕ್ಕ ಕ್ಷಣ, ಅದಕ್ಕೇ ಪ್ರಾಣಿ ಹೆದರಿ ಓಡುತ್ತದೆ, ಸಾಯುವುದಿಲ್ಲ. ಬೇಲಿಗೆ ನೇರ ಮನೆ ಕರೆಂಟ್ ಕೊಡುವುದು ಬೇರೆ ಮಾತು. ಅದು ಕೊಲೆ, ಕಾನೂನಿನಲ್ಲೂ ಅಪರಾಧ. ಸರಿಯಾದ ಯಂತ್ರದ ಪ್ರತಿ ಹೊಡೆತವೂ ಎಎಂ ರೇಡಿಯೋದಲ್ಲಿ 'ಟಿಕ್' ಎಂದು ಕೇಳುತ್ತದೆ. ಎಲ್ಲಾದರೂ ಹಸಿ ಬಳ್ಳಿ ತಾಗಿ ಕಿಡಿ ಹಾರುತ್ತಿದ್ದರೆ, ಅಲ್ಲಿ ಸದ್ದು ಚುರುಕಾಗಿ ಜೋರಾಗುತ್ತದೆ.

ರೇಡಿಯೋವನ್ನು ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ. ಯಂತ್ರದ ಹತ್ತಿರದಿಂದ ಶುರು ಮಾಡಿ, ಬೇಲಿಯಿಂದ ಎರಡು ಮಾರು ದೂರ, ಅದೇ ದೂರ ಬಿಡದೆ ನಡೆಯಿರಿ. ರೇಡಿಯೋ ಹಿಡಿದ ದಿಕ್ಕು ಬದಲಿಸಬೇಡಿ. ಕಡ್ಡಿ ತಿರುಗಿದರೆ ಸದ್ದು ಬದಲಾಗುತ್ತದೆ, ಅರದ ಪ್ರಯೋಗದಲ್ಲಿ ನೋಡಿದ್ದೇವಲ್ಲ. ವಾಲ್ಯೂಮ್ ಕಡಿಮೆ ಇರಲಿ, ಆಗ ಏರಿಳಿತ ಚೆನ್ನಾಗಿ ಗೊತ್ತಾಗುತ್ತದೆ. ಸದ್ದು ಏರುತ್ತಾ ಹೋಗಿ, ಒಂದು ಕಂಬ ದಾಟಿದ ಮೇಲೆ ತಟ್ಟನೆ ಕುಗ್ಗಿದರೆ ಸೋರಿಕೆ ಆ ಕಂಬದ ಸುತ್ತಲೇ ಇದೆ. ಮಾವನ ಬೇಲಿಯಲ್ಲಿ ಹಳ್ಳದ ಬದಿಯ ಕಂಬದಲ್ಲಿ ಇನ್ಸುಲೇಟರ್ ಸೀಳಿತ್ತು, ಮೇಲೆ ಬಳ್ಳಿ ಬೇರೆ ಹಬ್ಬಿತ್ತು. ಹತ್ತಿರ ಹೋದರೆ ಕಿವಿಗೇ ಚಟ್ ಚಟ್ ಕೇಳುತ್ತಿತ್ತು.

ಯಂತ್ರ ಆಫ್ ಮಾಡದೆ ತಂತಿಗಾಗಲಿ ಬಳ್ಳಿಗಾಗಲಿ ಕೈ ಹಾಕಬೇಡಿ. ಒಬ್ಬರು ಯಂತ್ರದ ಹತ್ತಿರವೇ ನಿಂತಿರಲಿ, ಇನ್ಯಾರೋ ಬಂದು ಆನ್ ಮಾಡದ ಹಾಗೆ. ಬಳ್ಳಿ ಕತ್ತರಿಸಿ, ಇನ್ಸುಲೇಟರ್ ಬದಲಿಸಿ, ಯಂತ್ರ ಹಾಕಿ, ರೇಡಿಯೋ ಹಿಡಿದು ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯಿರಿ. ಕೊನೆಯ ಕಂಬದವರೆಗೂ ಟಿಕ್ ಸದ್ದು ಒಂದೇ ಸಮ ಇದ್ದರೆ ಬೇಲಿ ಸರಿಯಾಯಿತು.